ಗೋಣಿಚೀಲ ಹೊರಗಿರಲಿ, ಮೆಣಸಿನಕಾಯಿ ಒಳಗೆ ಬರಲಿ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾವೇರಿ ದಾಟಿ ರಾಣೆಬೆನ್ನೂರಿನ ಕಡೆ ಸಾಗುವಾಗ ಮೋಟೆಬೆನ್ನೂರು ಸಿಗುತ್ತದೆ. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ಹೆಜ್ಜೆ ಹಾಕಿದ ಮೈಲಾರ ಮಹಾದೇವಪ್ಪನವರ ಹುಟ್ಟೂರು ಅದು. ಅಲ್ಲಿಂದ ಒಳಕ್ಕೆ ತಿರುಗಿದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ. ಈ ಭಾಗದಲ್ಲಿ ಶೀತಲಗೃಹಗಳಿವೆ, ಖಾರದ ಪುಡಿಯ ಗಿರಣಿಗಳಿವೆ, ತೊಟ್ಟು ಬಿಡಿಸುವ ಶೆಡ್ಡುಗಳಿವೆ. ಇಲ್ಲಿನ ಕಾಯಿ ದೂರದ ಊರುಗಳ ಎಣ್ಣೆ ತೆಗೆಯುವ ಕಾರ್ಖಾನೆಗಳಿಗೂ ಹೋಗುತ್ತದೆ. ಇಂಥ ಉದ್ಯಮಗಳು ಬೆಳೆದಂತೆ ಒಂದಲ್ಲ ಒಂದು ದಿನ ಉತ್ಪಾದನಾ ಯೋಜನೆಯ ತಂತ್ರಾಂಶ ಬಾಗಿಲಿಗೆ ಬರುತ್ತದೆ. ತಂತ್ರಾಂಶ ಅಳವಡಿಸುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ನಿಮ್ಮ ಯಾವ ಯಾವ ಸರಕನ್ನು ಈ ಯೋಜನೆಯೊಳಗೆ ತರಬೇಕು? ಹೆಚ್ಚಿನ ಕಡೆ ಇದಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಸಿದ್ಧವಾಗುತ್ತದೆ. ಕೆಲವರು ಎಲ್ಲವನ್ನೂ ಸೇರಿಸಿ ಎನ್ನುತ್ತಾರೆ, ಕೆಲವರು ದುಬಾರಿಯಾದವನ್ನು ಸೇರಿಸಿದರೆ ಸಾಕು ಎನ್ನುತ್ತಾರೆ. ಎರಡೂ ತಪ್ಪು ಉತ್ತರಗಳು ಎಂಬುದು ನನ್ನ ವಾದ. ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಸರಕು ಇವತ್ತು ಕೈತಪ್ಪಿದರೆ ಅದನ್ನು ಈ ಹಂಗಾಮಿನೊಳಗೆ ಮತ್ತೆ ಪಡೆಯಲು ಸಾಧ್ಯವೇ? ಇಲ್ಲವೆಂದಾದರೆ ಅದು ಯೋಜನೆಯೊಳಗೆ ಬರಬೇಕು, ಅದೂ ಪೂರ್ಣ ವಿವರದೊಂದಿಗೆ. ಸಾಧ್ಯವಿದ್ದರೆ ಎಷ್ಟೇ ಬೆಲೆಯದಾದರೂ ಹೊರಗೇ ಇರಲಿ.

ತಂತ್ರಾಂಶ ಮಾಡುವ ಕೆಲಸವೇನು ಎಂಬುದು ಸ್ಪಷ್ಟವಾದರೆ ವಾದವೂ ಸ್ಪಷ್ಟವಾಗುತ್ತದೆ. ಕಾರ್ಖಾನೆಗಳಲ್ಲಿ ಕಂಪ್ಯೂಟರ್ ಬಂದ ಮೊದಲ ದಶಕಗಳಲ್ಲಿ ರೂಢಿಗೆ ಬಂದದ್ದು ಸರಕಿನ ಅಗತ್ಯದ ಲೆಕ್ಕ. ಜೋಸೆಫ್ ಓರ್ಲಿಕಿ 1975ರಲ್ಲಿ ಬರೆದ ಪುಸ್ತಕ ಅದಕ್ಕೆ ಶಾಸ್ತ್ರದ ರೂಪ ಕೊಟ್ಟಿತು. ಇಂಥ ದಿನ ಇಷ್ಟು ಮಾಲು ಬೇಕು ಎಂದರೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ, ಯಾವ ಕಚ್ಚಾ ಸರಕು ಯಾವ ದಿನಕ್ಕೆ ಎಷ್ಟು ಬೇಕೆಂದು ಅದು ಹೇಳುತ್ತಿತ್ತು. ಆದರೆ ಆ ಲೆಕ್ಕದಲ್ಲಿ ಯಂತ್ರಕ್ಕೂ ಆಳಿಗೂ ಮಿತಿಯೇ ಇರಲಿಲ್ಲ. ಒಂದೇ ಗಿರಣಿಗೆ ಒಂದೇ ದಿನ ಮೂರು ದಿನದ ಕೆಲಸ ಹೊರಿಸಿದರೂ ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಮುಂದುವರಿದ ಯೋಜನೆಯ ತಂತ್ರಾಂಶಗಳು ಹುಟ್ಟಿದ್ದು ಈ ಕೊರತೆಯನ್ನು ತುಂಬಲು. ಯಂತ್ರದ ಸಾಮರ್ಥ್ಯ, ಒಂದು ಮಾಲಿನಿಂದ ಇನ್ನೊಂದಕ್ಕೆ ಹೊರಳುವಾಗ ಹಿಡಿಯುವ ಹೊತ್ತು, ಸರಕಿನ ಆಯುಸ್ಸು, ಗ್ರಾಹಕನ ಗಡುವು, ಇವೆಲ್ಲವನ್ನೂ ಒಟ್ಟಿಗೆ ಹಿಡಿದು ಅವು ಗಂಟೆಗಂಟೆಯ ವೇಳಾಪಟ್ಟಿ ಕಟ್ಟುತ್ತವೆ. ಜರ್ಮನಿಯ ಎಸ್‌ಎಪಿ ಕಂಪನಿಯ ಈಗಿನ ತಂತ್ರಾಂಶದಲ್ಲಿ ಪ್ರತಿ ಸರಕಿನ ಮೂಲ ದಾಖಲೆಯಲ್ಲೇ ಇದಕ್ಕೊಂದು ಚೌಕವಿದೆ. ಗುರುತು ಹಾಕಿದ ಸರಕು ಸೂಕ್ಷ್ಮ ಯೋಜನೆಗೆ ಹೋಗುತ್ತದೆ, ಹಾಕದ್ದು ಹಳೆಯ ಲೆಕ್ಕದಲ್ಲೇ ಉಳಿಯುತ್ತದೆ. ಅಂದರೆ ತಂತ್ರಾಂಶ ಕಟ್ಟಿದವರೇ ಎಲ್ಲವೂ ಒಳಗೆ ಬರಬೇಕಾಗಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ಯಾವ ಚೌಕಕ್ಕೆ ಗುರುತು ಬೀಳಬೇಕು ಎಂಬುದನ್ನು ಮಾತ್ರ ಅವರು ಹೇಳಲಾರರು.

ಈಗಿನ ಕಂಪ್ಯೂಟರುಗಳಿಗೆ ಶಕ್ತಿ ಬೇಕಾದಷ್ಟಿದೆ, ಎಲ್ಲವನ್ನೂ ಸೇರಿಸಿದರೆ ತೊಂದರೆಯೇನು ಎಂದು ಕೇಳುವವರಿದ್ದಾರೆ. ತೊಂದರೆ ಇರುವುದು ಯಂತ್ರದ ಶಕ್ತಿಯಲ್ಲಿ ಅಲ್ಲವೇ ಅಲ್ಲ. ಒಳಗೆ ಬಂದ ಪ್ರತಿ ಸರಕಿಗೂ ತರಿಸಲು ಹಿಡಿಯುವ ಸಮಯ, ಕನಿಷ್ಠ ಖರೀದಿ, ಹಾಳಾಗುವ ಪ್ರಮಾಣ, ಬದಲಿ ಸರಕು, ಇಷ್ಟನ್ನೂ ಯಾರಾದರೂ ತುಂಬಬೇಕು, ತುಂಬಿದ್ದನ್ನು ತಿಂಗಳು ತಿಂಗಳು ತಿದ್ದಬೇಕು. ಹತ್ತು ಸರಕಿಗೆ ಈ ಕೆಲಸ ಶ್ರದ್ಧೆಯಿಂದ ಆಗುತ್ತದೆ. ಸಾವಿರ ಸರಕಿಗೆ ಯಾರೂ ಮಾಡಲಾರರು, ಆಗ ಅಂದಾಜಿನ ಅಂಕಿಗಳು ಬಂದು ಕೂರುತ್ತವೆ. ಸೂಕ್ಷ್ಮ ಯೋಜನೆಯ ಸ್ವಭಾವವೇ ಎಲ್ಲವನ್ನೂ ಒಂದಕ್ಕೊಂದು ಕಟ್ಟುವುದು. ಹೀಗಾಗಿ ಲೇಬಲ್ಲಿನ ಒಂದು ತಪ್ಪು ತಾರೀಕು ಇಡೀ ವಾರದ ವೇಳಾಪಟ್ಟಿಯನ್ನು ಅಲ್ಲಾಡಿಸಬಲ್ಲದು. ಬೆಳಿಗ್ಗೆ ಒಂದು ಪಟ್ಟಿ, ಮಧ್ಯಾಹ್ನ ಇನ್ನೊಂದು ಎಂದಾದರೆ ಮೇಲ್ವಿಚಾರಕ ಎರಡನ್ನೂ ಬದಿಗಿಟ್ಟು ತನ್ನ ಡೈರಿಯನ್ನೇ ನಂಬುತ್ತಾನೆ. ಲಕ್ಷಗಟ್ಟಲೆ ಕೊಟ್ಟು ತಂದ ತಂತ್ರಾಂಶ ಬಳಿಕ ಬಿಲ್ಲು ಬರೆಯುವುದಕ್ಕೆ ಸೀಮಿತವಾಗುತ್ತದೆ. ಎಲ್ಲವನ್ನೂ ಒಳಗೆ ತರುವ ಆಸೆಯಿಂದ ಮುಖ್ಯವಾದುದರ ಮೇಲಿನ ಗಮನವೇ ಕಳೆದುಹೋಗುತ್ತದೆ.

ಬೆಲೆ ನೋಡಿ ಆರಿಸುವವರ ಹಿಂದೆ ಒಂದು ಗೌರವಾನ್ವಿತ ಪರಂಪರೆ ಇದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ 1951ರಲ್ಲಿ ದಾಸ್ತಾನನ್ನು ಎ, ಬಿ, ಸಿ ಎಂದು ಮೂರು ದರ್ಜೆಯಾಗಿ ವಿಂಗಡಿಸುವ ವಿಧಾನವನ್ನು ಪ್ರಚಾರಕ್ಕೆ ತಂದರು. ಕೆಲವೇ ಸರಕುಗಳಲ್ಲಿ ಹೆಚ್ಚಿನ ಹಣ ಕುಳಿತಿರುತ್ತದೆ, ಅವುಗಳ ಮೇಲೆ ಕಣ್ಣಿಡಿ ಎಂಬುದು ಅದರ ತಿರುಳು. ಹಣ ಎಲ್ಲಿ ಕಟ್ಟಿಬಿದ್ದಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ವಿಧಾನ ಬೇಕಿಲ್ಲ. ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ಮಾತ್ರ ಅದು ಸಾಲದು. ಇದಕ್ಕೆ ಸಾಕ್ಷಿ ಬೇಕಾದರೆ ರಾಣೆಬೆನ್ನೂರಿನ ಬೀಜೋತ್ಪಾದನೆಯನ್ನು ನೋಡಬೇಕು. ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯ ಕಾಲದಿಂದ ಈ ಸೀಮೆಯ ರೈತರಿಗೆ ಕೈಯಿಂದ ಪರಾಗಸ್ಪರ್ಶ ಮಾಡಿ ಹೈಬ್ರಿಡ್ ಬೀಜ ಬೆಳೆಯುವ ಕೆಲಸ ಪರಿಚಿತ. ಈಗ ಟೊಮೆಟೊ, ಮೆಣಸಿನಕಾಯಿಯಂಥ ತರಕಾರಿಗಳ ಬೀಜವೂ ಸೇರಿದೆ. ಸಂಜೆ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗ ಮುಟ್ಟಿಸಬೇಕು. ಇದು ನಡೆಯಬೇಕಾದರೆ ಎರಡೂ ಸಾಲು ಒಂದೇ ಕಾಲಕ್ಕೆ ಹೂ ಬಿಡಬೇಕು. ಹಾಗಾಗಿ ಗಂಡು ಬೀಜವನ್ನು ಎಷ್ಟೋ ಸಲ ದಿನಗಳ ಅಂತರದಲ್ಲಿ ಹಂತ ಹಂತವಾಗಿ ಬಿತ್ತುತ್ತಾರೆ. ಆ ಗಂಡು ಬೀಜ ತೂಕದಲ್ಲಿ ಗ್ರಾಂ ಲೆಕ್ಕದ್ದು. ಒಟ್ಟು ವೆಚ್ಚದಲ್ಲಿ ಗೊಬ್ಬರ, ಕೂಲಿ, ನೆರಳುಬಲೆಗಳ ಎದುರು ಅದು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು, ಡಿಕಿಯವರ ವಿಂಗಡಣೆಯಲ್ಲಿ ಕೊನೆಯ ದರ್ಜೆಗೆ ಸೇರುವಂಥದ್ದು. ಆದರೆ ಅದು ಒಂದು ವಾರ ತಡವಾದರೆ ಹಂಗಾಮೇ ಹೋಯಿತು. ಗೊಬ್ಬರವನ್ನು ನಾಳೆ ತರಬಹುದು, ಹೋದ ಹೂವನ್ನು ತರಲಾಗದು. ಬೀಜ ಕಂಪನಿಯ ಯೋಜನೆಯಲ್ಲಿ ಮೊದಲು ಗುರುತು ಬೀಳಬೇಕಾದ್ದು ಈ ಅಗ್ಗದ ಪೊಟ್ಟಣಕ್ಕೆ.

ಬ್ಯಾಡಗಿಯಲ್ಲಿ ಸಮಸ್ಯೆ ಬೇರೆ ಬಗೆಯದು. ಇಲ್ಲಿ ಮುಖ್ಯ ಸರಕು ಯಾವುದೆಂದು ಯಾರಿಗೂ ಅನುಮಾನವಿಲ್ಲ. ಆದರೆ ‘ಬ್ಯಾಡಗಿ ಮೆಣಸಿನಕಾಯಿ, ಇಷ್ಟು ಕ್ವಿಂಟಲ್’ ಎಂದು ಒಂದೇ ಹೆಸರಿನಲ್ಲಿ ಬರೆದುಕೊಂಡರೆ ಅದನ್ನು ಒಳಗೆ ತಂದೂ ತಾರದಂತೆಯೇ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಈ ಕಾಯಿಯಲ್ಲೇ ಡಬ್ಬಿ ಬೇರೆ, ಕಡ್ಡಿ ಬೇರೆ. ಡಬ್ಬಿ ದಪ್ಪಗೆ, ಗುಂಡಗೆ. ಕಡ್ಡಿ ಸಣಕಲು, ಉದ್ದ, ಸುಕ್ಕು. ಇವುಗಳ ಜೊತೆಗೆ ಸಂಖ್ಯೆಯಿಂದಲೇ ಕರೆಸಿಕೊಳ್ಳುವ 2043, 5531ರಂಥ ಹೈಬ್ರಿಡ್ಡುಗಳು, ಆಂಧ್ರದ ಕಡೆಯ ಗುಂಟೂರು ಕಾಯಿ ಎಲ್ಲವೂ ಇದೇ ಪೇಟೆಗೆ ಬರುತ್ತವೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು; ಗುಂಟೂರಿನದಕ್ಕೆ ಖಾರ ಹೆಚ್ಚು, ಬಣ್ಣ ಕಡಿಮೆ. ಬಣ್ಣವನ್ನು ಅಳೆಯುವುದು ಆಸ್ಟಾ ಎಂಬ ಮಾನದಲ್ಲಿ. ಒಳ್ಳೆಯ ಬ್ಯಾಡಗಿ ಕಾಯಿ 150ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರ್ ಓಲಿಯೋರೆಸಿನ್ ತೆಗೆಯಬಹುದು ಎನ್ನುತ್ತಾರೆ. ಆಹಾರದ ಬಣ್ಣದಿಂದ ತುಟಿಯ ಬಣ್ಣದವರೆಗೆ ಬಳಕೆಯಾಗುವ ಆ ಎಣ್ಣೆಗೆ ಖರೀದಿದಾರ ಹಣ ಕೊಡುವುದು ಅದರೊಳಗಿನ ಬಣ್ಣವನ್ನು ನೋಡಿ. ಈ ಬಣ್ಣವಾದರೂ ಸ್ಥಿರವಲ್ಲ. ಬಿಸಿಲು, ಸೆಕೆ, ಗಾಳಿ ಸೋಕಿದಂತೆ ಅದು ಕುಂದುತ್ತದೆ. ಜನವರಿಯಲ್ಲಿ ಕೊಂಡು ಮಾಮೂಲಿ ಗೋದಾಮಿನಲ್ಲಿಟ್ಟ ಚೀಲವೂ ಶೀತಲಗೃಹದಲ್ಲಿಟ್ಟ ಚೀಲವೂ ಸೆಪ್ಟೆಂಬರಿನಲ್ಲಿ ಒಂದೇ ಸರಕಾಗಿ ಉಳಿದಿರುವುದಿಲ್ಲ, ತೂಕ ಒಂದೇ ಇದ್ದರೂ. ತೇವ ಶೇ 10ರ ಆಸುಪಾಸಿನಿಂದ ಬಹಳ ಮೇಲೇರಿದ ಕಾಯಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಭಯ. ಯುರೋಪಿನ ಒಕ್ಕೂಟ ಮೆಣಸಿನಕಾಯಿಯಂಥ ಮಸಾಲೆಗಳಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 10 ಮೈಕ್ರೋಗ್ರಾಂ ಮೀರಕೂಡದು ಎಂದು ಮಿತಿ ಇಟ್ಟಿದೆ. ಆದ್ದರಿಂದ ಯೋಜನೆಯೊಳಗೆ ಬರಬೇಕಾದ್ದು ಚೀಲಗಳ ಎಣಿಕೆಯಲ್ಲ. ಜಾತಿ, ಕೊಂಡ ತಿಂಗಳು, ಬಣ್ಣದ ಅಂಕಿ, ತೇವ, ಇಟ್ಟ ಜಾಗ, ಇವಿಷ್ಟನ್ನು ಹೊತ್ತ ಒಂದೊಂದು ಲಾಟ್ ಬರಬೇಕು. ಯಾವ ಲಾಟನ್ನು ಮೊದಲು ಅರೆಯಬೇಕು, ಯಾವುದರೊಡನೆ ಯಾವುದನ್ನು ಬೆರೆಸಿದರೆ ಗ್ರಾಹಕ ಕೇಳಿದ ಬಣ್ಣ ಬರುತ್ತದೆ, ಯಾವುದು ಇನ್ನೂ ಮೂರು ತಿಂಗಳು ಕಾಯಬಲ್ಲದು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಮಾತ್ರ ಈ ತಂತ್ರಾಂಶ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಲಾಟ್ ಲೆಕ್ಕ ಇಲ್ಲಿಗೆ ಹೊಸದೂ ಅಲ್ಲ. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದಾಗಿನಿಂದ ಎಪಿಎಂಸಿಯಲ್ಲಿ ರೈತನ ರಾಶಿಗೆ ಲಾಟ್ ಸಂಖ್ಯೆ ಬೀಳುತ್ತದೆ, ವರ್ತಕರು ಅದೇ ಸಂಖ್ಯೆಗೆ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಸೋಮವಾರ, ಗುರುವಾರದ ವಹಿವಾಟಿನಲ್ಲಿ ಆವಕ ಲಕ್ಷ ಚೀಲ ದಾಟುವ ದಿನಗಳಲ್ಲೂ ಪ್ರತಿ ರಾಶಿಗೆ ಗುರುತು ಇರುತ್ತದೆ. ರಾಶಿ ಮಾರಾಟವಾಗಿ ಹಮಾಲರು ಚೀಲ ಹೊತ್ತ ಬಳಿಕ ಆ ಸಂಖ್ಯೆಗೆ ಕೆಲಸವಿಲ್ಲ. ಹತ್ತು ರೈತರ ಕಾಯಿ ಒಂದಾಗಿ, ಖರೀದಿದಾರನ ಹೆಸರಿನ ಒಂದೇ ದಾಸ್ತಾನಾಗುತ್ತದೆ. ಸರ್ಕಾರಿ ವ್ಯವಸ್ಥೆ ಕಷ್ಟಪಟ್ಟು ಹುಟ್ಟಿಸಿದ ಮಾಹಿತಿಯನ್ನು ಹೀಗೆ ಹೊಸ್ತಿಲಲ್ಲೇ ಬಿಟ್ಟು, ಒಳಗೆ ಬಂದ ಮೇಲೆ ಪ್ರಯೋಗಾಲಯಕ್ಕೆ ಹಣ ಸುರಿದು ಅದನ್ನೇ ಮತ್ತೆ ಹುಡುಕುವುದು ನಷ್ಟದ ದಾರಿ. ನಷ್ಟ ಎಷ್ಟು ದೊಡ್ಡದಾಗಬಲ್ಲದು ಎಂಬುದನ್ನು ಜಗತ್ತು 2005ರಲ್ಲಿ ಕಂಡಿತು. ಸೂಡಾನ್-1 ಎಂಬ ನಿಷಿದ್ಧ ಬಣ್ಣ ಬೆರೆತ ಖಾರದ ಪುಡಿ ಬ್ರಿಟನ್ನಿನಲ್ಲಿ ಒಂದು ಸಾಸಿಗೆ ಸೇರಿತು. ಆ ಸಾಸು ಇತರ ತಿನಿಸುಗಳಿಗೆ ಸೇರಿ, 400ಕ್ಕೂ ಹೆಚ್ಚು ಬಗೆಯ ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಯಾವ ಪುಡಿ ಯಾವ ಡಬ್ಬಕ್ಕೆ ಹೋಯಿತು ಎಂದು ತೋರಿಸಬಲ್ಲ ಕಾರ್ಖಾನೆ ಅಂಥ ದಿನ ಒಂದೆರಡು ಲಾಟು ಕಳೆದುಕೊಂಡು ಪಾರಾಗುತ್ತದೆ. ತೋರಿಸಲಾಗದ್ದು ಎಲ್ಲವನ್ನೂ ಕಳೆದುಕೊಳ್ಳುತ್ತದೆ.

ಮೆಣಸಿನಕಾಯಿಯ ಜೊತೆಗೇ ಒಳಗೆ ಬರಬೇಕಾದ ಇನ್ನೊಂದು ಸರಕು ತೊಟ್ಟು ಬಿಡಿಸಿದ ಕಾಯಿ. ಕೊಂಡದ್ದೂ ಅಲ್ಲದ, ಮಾರುವುದೂ ಅಲ್ಲದ ನಡುವಿನ ಮಾಲು ಎಂದು ಹೆಚ್ಚಿನವರು ಇದನ್ನು ಪಟ್ಟಿಯಲ್ಲಿ ಬರೆಯುವುದೇ ಇಲ್ಲ. ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ‘ದಿ ಗೋಲ್’ ಕಾದಂಬರಿಯ ಮೂಲಕ ಜಗತ್ತಿನ ಕಾರ್ಖಾನೆಗಳಿಗೆ ತಿಳಿಸಿದ್ದು, ಇಡೀ ಸಾಲಿನ ವೇಗವನ್ನು ನಿರ್ಧರಿಸುವುದು ಅದರ ಅತ್ಯಂತ ಇಕ್ಕಟ್ಟಿನ ಜಾಗ ಎಂಬುದನ್ನು. ಬ್ಯಾಡಗಿಯಲ್ಲಿ ಆ ಇಕ್ಕಟ್ಟು ಹಲವು ಸಲ ಗಿರಣಿಯಲ್ಲಿರುವುದಿಲ್ಲ. ನೆಲದ ಮೇಲೆ ಕೂತು ಒಂದೊಂದೇ ಕಾಯಿಯ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಕೈಗಳಲ್ಲಿರುತ್ತದೆ. ಹೊಲದ ಕೊಯ್ಲೂ ಆವಕದ ತಿಂಗಳುಗಳಲ್ಲೇ ಬೀಳುವುದರಿಂದ ಆ ಕೈಗಳು ಬೇಕಾದಾಗಲೆಲ್ಲ ಸಿಗುವುದಿಲ್ಲ. ಇದನ್ನು ಯೋಜನೆಯಲ್ಲಿ ಸ್ಪಷ್ಟವಾಗಿ ಬರೆದ ಉದ್ಯಮಿ ಅವರ ಕೆಲಸವನ್ನು ವರ್ಷಕ್ಕೆ ಹಂಚಲು, ಕೂಲಿಯನ್ನು ಮೊದಲೇ ಗೊತ್ತುಮಾಡಲು ದಾರಿ ಕಾಣುತ್ತಾನೆ. ಬರೆಯದವನು ಗಡುವು ಹತ್ತಿರ ಬಂದ ದಿನ ಅವರ ಮೇಲೆ ರೇಗುತ್ತಾನೆ. ಇನ್ನು ಹೊರಗಿಡಬೇಕಾದವು: ಗೋಣಿಚೀಲ, ಹೊಲಿಗೆಯ ದಾರ, ಲೇಬಲ್, ಗಿರಣಿಯ ಬೆಲ್ಟು. ಎಣ್ಣೆ ತೆಗೆಯುವ ಕಾರ್ಖಾನೆಯಲ್ಲಿ ದ್ರಾವಕವಾಗಿ ಬಳಸುವ ಹೆಕ್ಸೇನ್ ಕೂಡ, ನನ್ನ ಅಳತೆಗೋಲಿನಲ್ಲಿ, ಹೊರಗೇ ಇರಬಹುದು. ಅದು ದುಬಾರಿ, ಬೆಂಕಿಯ ಅಪಾಯವಿರುವಂಥದ್ದು, ಅದರ ಸುರಕ್ಷತೆಯ ದಾಖಲೆ ಕಟ್ಟುನಿಟ್ಟಾಗಿ ಇರಲೇಬೇಕು. ಆದರೆ ವರ್ಷದ ಯಾವ ತಿಂಗಳಲ್ಲೂ ಟ್ಯಾಂಕರಿನಲ್ಲಿ ತರಿಸಬಹುದಾದ ಸರಕು ಅದು. ಮಟ್ಟ ಇಷ್ಟಕ್ಕಿಳಿದರೆ ತರಿಸಿ ಎಂಬ ಹಳೆಯ ನಿಯಮ ಅದಕ್ಕೆ ಸಾಕು. ಆವಕದ ಭರಾಟೆಯಲ್ಲಿ ಗೋಣಿಚೀಲಕ್ಕೂ ತತ್ವಾರ ಬರಬಹುದು, ನಿಜ. ಹಂಗಾಮಿಗೆ ಮೊದಲೇ ಒಂದಿಷ್ಟು ಹೆಚ್ಚು ಕೊಂಡಿಟ್ಟರೆ ಅದು ತೀರುತ್ತದೆ, ಅದಕ್ಕೆ ಗಂಟೆಗಂಟೆಯ ಯೋಜನೆ ಬೇಡ.

ಇಷ್ಟು ಹೇಳಿದ ಮೇಲೆ ಅನುಭವಿ ವರ್ತಕರು ಎತ್ತುವ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಕಾಯಿಯನ್ನು ಕೈಯಲ್ಲಿ ಹಿಡಿದು ಮುರಿದು, ಮೂಸಿ, ಬೆಳಕಿಗೆ ಹಿಡಿದು ಅದರ ಯೋಗ್ಯತೆ ಹೇಳಬಲ್ಲವರು ಈ ಪೇಟೆಯಲ್ಲಿದ್ದಾರೆ. ತಲೆಮಾರುಗಳಿಂದ ಬಂದ ಆ ತಿಳಿವಳಿಕೆಯನ್ನು ಬಿಟ್ಟು ಅಂಕಿಗಳ ಹಿಂದೆ ಬೀಳಬೇಕೇ ಎಂದು ಅವರು ಕೇಳುತ್ತಾರೆ. ಬಿಡಬೇಕಾಗಿಲ್ಲ. ಆ ಕಣ್ಣು ಕಂಡದ್ದನ್ನು ಬರೆದಿಡುವುದೇ ತಂತ್ರಾಂಶದ ಮೊದಲ ಕೆಲಸವಾಗಬೇಕು. ಪ್ರತಿ ಚೀಲವನ್ನೂ ಪ್ರಯೋಗಾಲಯಕ್ಕೆ ಕಳಿಸುವುದು ಆಗದ ಮಾತು, ಆದರೆ ಪ್ರತಿ ಲಾಟಿಗೂ ಅನುಭವಿಯೊಬ್ಬ ಕೊಟ್ಟ ದರ್ಜೆ ದಾಖಲಾದರೆ, ಕೆಲವನ್ನು ಮಾತ್ರ ಪರೀಕ್ಷಿಸಿ ಆ ದರ್ಜೆ ಎಷ್ಟು ನಿಖರ ಎಂದು ಅಳೆಯಬಹುದು. ಈಗ ಆ ತಿಳಿವಳಿಕೆ ಒಬ್ಬರ ತಲೆಯಲ್ಲಿದೆ. ಆತ ಅಂಗಡಿಗೆ ಬಾರದ ದಿನ ಅದೂ ಬರುವುದಿಲ್ಲ. ಇನ್ನು, ಇವೆಲ್ಲ ದೊಡ್ಡ ಕಂಪನಿಗಳ ಮಾತು, ಹತ್ತು ಜನರ ಗಿರಣಿಗೆ ಇದರ ಹಂಗೇಕೆ ಎನ್ನುವವರಿಗೆ ಉತ್ತರ ಚಿಕ್ಕದು. ಯಾವುದನ್ನು ಸೂಕ್ಷ್ಮವಾಗಿ ನೋಡಬೇಕು ಎಂಬ ಆಯ್ಕೆಗೆ ತಂತ್ರಾಂಶವೇ ಬೇಕಿಲ್ಲ. ನಾಲ್ಕು ಸರಕಿಗೆ ಲಾಟ್‌ವಾರು ಪುಟ, ಉಳಿದವಕ್ಕೆ ಒಂದೊಂದು ಸಾಲು ಎಂದು ವಿಂಗಡಿಸಿದ ಕೈಬರಹದ ಪುಸ್ತಕವೂ ಇದೇ ಕೆಲಸ ಮಾಡುತ್ತದೆ. ಆ ಶಿಸ್ತು ಇಲ್ಲದ ಕಡೆ ತಂತ್ರಾಂಶ ಬಂದರೂ ಪ್ರಯೋಜನವಿಲ್ಲ.

ಈ ಆಯ್ಕೆಯನ್ನು ಬೆಂಗಳೂರಿನಿಂದ ಬಂದ ಸಲಹೆಗಾರರಿಗೆ ಪೂರ್ತಿ ಬಿಟ್ಟುಕೊಡಬಾರದು ಎನ್ನಲು ಹಾವೇರಿ ಜಿಲ್ಲೆಯ ಚರಿತ್ರೆಯಲ್ಲೇ ಕಾರಣವಿದೆ. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ನೀಲಗಿರಿ ಮರದಿಂದ ರೇಯಾನ್ ತಿರುಳು ಮಾಡುತ್ತಿದೆ. ಮರ ಬೆಳೆಯಲು ವರ್ಷಗಳೇ ಬೇಕು; ಕೈತಪ್ಪಿದರೆ ತಕ್ಷಣ ಸಿಗದ ಸರಕು ಅದು. ಹಾಗಾಗಿ 1984ರಲ್ಲಿ ರಾಜ್ಯ ಸರ್ಕಾರದೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಹಾಕಿದಾಗ, ಕಾರ್ಖಾನೆಯ ದೃಷ್ಟಿಯಿಂದ ಸರಿಯಾದ ಸರಕನ್ನೇ ಆರಿಸಲಾಗಿತ್ತು. ಆದರೆ ಅದೇ ನೆಲದಲ್ಲಿ ಮೇಯುತ್ತಿದ್ದ ದನ, ಸಿಗುತ್ತಿದ್ದ ಸೌದೆ, ಹುಲ್ಲು ಆ ಪಟ್ಟಿಯಲ್ಲಿರಲಿಲ್ಲ. ಅವು ಹಳ್ಳಿಯವರ ಸರಕುಗಳಾಗಿದ್ದವು, ಮತ್ತು ಕೈತಪ್ಪಿದರೆ ಮರಳಿ ಸಿಗದವು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು. ಸರಕಿನ ಪಟ್ಟಿ ಮಾಡುವ ಕೋಣೆಯಲ್ಲಿ ಆ ನೆಲವನ್ನು ಬಲ್ಲವರು ಇದ್ದಿದ್ದರೆ ಯೋಜನೆ ಬೇರೆಯಾಗುತ್ತಿತ್ತು ಎಂದೇ ನನ್ನ ನಂಬಿಕೆ. ಇವತ್ತಿಗೂ ನೀರು ಎಂಬ ಸರಕು ಬಹುತೇಕ ಕಾರ್ಖಾನೆಗಳ ಯೋಜನೆಯ ಪಟ್ಟಿಯಲ್ಲಿ ಇರುವುದಿಲ್ಲ, ಅದರ ದರ ಕಡಿಮೆ ಎಂಬ ಒಂದೇ ಕಾರಣಕ್ಕೆ. ತುಂಗಭದ್ರೆ ಬೇಸಿಗೆಯಲ್ಲಿ ಹೇಗಿರುತ್ತಾಳೆಂದು ಕಂಡವರು ಆ ತಪ್ಪು ಮಾಡಲಾರರು.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ರೈತರ ಕಡೆಯದು. ಖರೀದಿದಾರನ ಬಳಿ ಲಾಟ್‌ವಾರು ಬಣ್ಣ, ಆಯುಸ್ಸು, ಶೀತಲಗೃಹದ ದಾಸ್ತಾನು ಎಲ್ಲವೂ ಬೆರಳ ತುದಿಯಲ್ಲಿದ್ದು, ರಾಶಿ ಹಾಕಿಕೊಂಡು ನಿಂತ ರೈತನ ಬಳಿ ಏನೂ ಇಲ್ಲದಿದ್ದರೆ, ಈ ಜಾಣ ಯೋಜನೆ ದರ ತಗ್ಗಿಸುವ ಆಯುಧವಾಗುವುದಿಲ್ಲವೇ? ಆಗಬಹುದು. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ರಾಜ್ಯವೇ ನೋಡಿದೆ. ಅಂದಿನ ಸಿಟ್ಟಿಗೆ ಕಾರಣ ಒಂದೇ ಅಲ್ಲ, ಹಿಂಸೆಗೆ ಸಮರ್ಥನೆಯೂ ಇಲ್ಲ. ಆದರೆ ಲಕ್ಷಗಟ್ಟಲೆ ಚೀಲದ ಆವಕ ಒಮ್ಮೆಲೇ ಬಂದು ಬೀಳುವ ಪೇಟೆಯಲ್ಲಿ, ಹಿಂದಿನ ವರ್ಷದ್ದೆಷ್ಟು ಉಳಿದಿದೆ, ಯಾವ ಜಾತಿಯದು ಉಳಿದಿದೆ ಎಂಬುದು ಕೊಳ್ಳುವವನಿಗೆ ತಿಳಿದು ಮಾರುವವನಿಗೆ ತಿಳಿಯದಿದ್ದರೆ ಅಪನಂಬಿಕೆ ಹುಟ್ಟಿಯೇ ಹುಟ್ಟುತ್ತದೆ. ಇದಕ್ಕೆ ಪರಿಹಾರ ಕಾರ್ಖಾನೆಗಳನ್ನು ಅಂದಾಜಿನಲ್ಲೇ ನಡೆಯುವಂತೆ ಮಾಡುವುದಲ್ಲ. ಅವು ತಮಗಾಗಿ ಇಡುವ ಲೆಕ್ಕದ ಒಟ್ಟು ಮೊತ್ತವನ್ನು, ಯಾರ ಹೆಸರೂ ಇಲ್ಲದೆ, ಜಾತಿವಾರು ಮತ್ತು ವರ್ಷವಾರು, ಎಲ್ಲ ಶೀತಲಗೃಹಗಳಿಂದ ತಿಂಗಳಿಗೊಮ್ಮೆ ಪಡೆದು ಎಪಿಎಂಸಿ ಪ್ರಕಟಿಸಬೇಕು. ಕಾರ್ಖಾನೆಯ ಗುಟ್ಟು ಇದರಿಂದ ಬಯಲಾಗುವುದಿಲ್ಲ. ಒಟ್ಟು ಅಂಕಿಯಲ್ಲಿ ಯಾರ ಪಾಲು ಎಷ್ಟೆಂದು ತಿಳಿಯುವುದೂ ಇಲ್ಲ. ಆವಕ, ದರಗಳನ್ನು ಈಗಾಗಲೇ ಕಂಪ್ಯೂಟರಿನಲ್ಲಿ ತೋರಿಸುವ ವ್ಯವಸ್ಥೆಗೆ ಇದೊಂದು ಕಾಲಂ ಸೇರಿಸುವುದು ದೊಡ್ಡ ಕೆಲಸವಲ್ಲ. ಆದರೆ ಆ ಅಂಕಿ ಡಿಸೆಂಬರಿನಲ್ಲಿ, ಕಾಯಿ ಕಣಕ್ಕೆ ಬಂದ ಮೇಲೆ ಸಿಕ್ಕರೆ ರೈತನಿಗೆ ಉಪಯೋಗವಿಲ್ಲ. ಮುಂಗಾರಿನಲ್ಲಿ ಸಸಿಮಡಿಗೆ ಬೀಜ ಬೀಳುವ ಮೊದಲು ಸಿಗಬೇಕು. ಡಬ್ಬಿ ಹಾಕಬೇಕೋ ಕಡ್ಡಿಯೋ ಹೈಬ್ರಿಡ್ಡೋ, ಎರಡು ಎಕರೆಯೋ ನಾಲ್ಕೋ ಎಂದು ಹೊಲದವರು ತೀರ್ಮಾನಿಸುವುದು ಆ ಹದಿನೈದು ದಿನಗಳಲ್ಲಿ, ಕಾರ್ಖಾನೆಯ ಮುಂದಿನ ವರ್ಷದ ಸರಕು ನಿರ್ಧಾರವಾಗುವುದೂ ಆಗಲೇ.